ಡೇಟಾಬೇಸ್ ನೋಡೋದು ಕಳ್ಳತನ ಅಲ್ಲ, ಎಂಜಿನ್ ಹಾಕೋದು ಕಳ್ಳತನವೇ



ಉದ್ದದ ಪೋಸ್ಟು ಇದು. ಅರ್ಧ ಓದಿ ಲೈಕ್ ಒತ್ತಿ ಹೋಗ್ಬೇಡಿ. ಮೊದಲರ್ಧ ನಮ್ಮ ಹುಡುಗನಿಗೆ ಕಳ್ಳ ಅಂದವರಿಗೆ. ಉಳಿದರ್ಧ ನಮಗೇ. ನನ್ನ ತಪ್ಪೂ ಅದರಲ್ಲಿದೆ.

ಹೋದ ತಿಂಗಳು ನಾನು ಹಾಕಿದ್ದ ಚೆಸ್ ಪೋಸ್ಟನ್ನ ನಿಮ್ಮಲ್ಲಿ ಬಹಳ ಜನ ಶೇರ್ ಮಾಡಿದ್ರಿ. ಓದದೇ ಇದ್ದವರಿಗೆ ಚಿಕ್ಕದಾಗಿ ಹೇಳ್ತೀನಿ. ನಮ್ಮ ಕೇರಿಯ ಅಂಬೇಡ್ಕರ್ ಭವನದಲ್ಲಿ ಭಾನುವಾರ ಮಕ್ಕಳನ್ನ ಸೇರಿಸಿ ಓದಿಸ್ತೀವಿ. ಓದು ಮುಗಿದ ಮೇಲೆ ಚೆಸ್. ನಾಲ್ಕು ಬೋರ್ಡು, ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪು, ಮಕ್ಕಳ ಮನೆಯ ಫೋನುಗಳು. ಅಲ್ಲಿಗೆ ಬರೋ ಒಬ್ಬ ಪಿಯು ಹುಡುಗ ಒಂದು ವಾಟ್ಸಾಪ್ ಗುಂಪಿನವರು ನಡೆಸಿದ ಆನ್‌ಲೈನ್ ಟೂರ್ನಮೆಂಟಿಗೆ ಸೇರಿದ್ದ. ಒಂದು ನಡೆಗೆ ಮೂರು ದಿನ ಟೈಮು ಇರೋ ಆಟ. ಎದುರಾಳಿ ರಿಟೈರ್ಡ್ ಅಧಿಕಾರಿ. ಹನ್ನೆರಡನೇ ನಡೆ ಆದಮೇಲೆ ಅವರು ಮೆಸೇಜ್ ಮಾಡಿ, 'ಚೆನ್ನಾಗಿ ಆಡ್ತಿದ್ದೀಯ, ಯಾರು ಹೇಳ್ಕೊಟ್ರು?' ಅಂತ ಕೇಳಿದ್ರು. ಹುಡುಗ ನಿಜ ಹೇಳ್ದ. 'ಡೇಟಾಬೇಸ್ ನೋಡಿ ಕಲಿತೆ ಸರ್, ಈ ಆಟಕ್ಕೂ ನೋಡ್ದೆ' ಅಂದ.

ಅಷ್ಟೇ ಸಾಕಾಯ್ತು. ಆಟವನ್ನ ಅವರು ಮುಂದುವರಿಸಿದ್ರು. ನಲವತ್ತೊಂದನೇ ನಡೆಗೆ ಸೋತ್ರು. ಸೋತ ದಿನ ಆ ಮೆಸೇಜಿನ ಸ್ಕ್ರೀನ್‌ಶಾಟು ಗುಂಪಿಗೆ ಬಿತ್ತು. 'ಕಾಪಿ ಹೊಡೆದು ಗೆಲ್ಲೋರು' ಅಂತ ಒಬ್ಬರು. 'ಇಲ್ಲೂ ಶಾರ್ಟ್‌ಕಟ್ಟಾ, ಇವರಿಗೆ ಎಲ್ಲಾ ಕಡೆ ಕೋಟಾ ಬೇಕು' ಅಂತ ಇನ್ನೊಬ್ಬರು. ಹುಡುಗನನ್ನ ಗುಂಪಿನಿಂದ ತೆಗೆದ್ರು, ಆಟ ಸೋತ ಅಂತ ಬರ್ಕೊಂಡ್ರು. ಏನಪ್ಪಾ ನಿನ್ನ ಸಮಜಾಯಿಷಿ ಅಂತ ಒಂದು ಮಾತು ಕೇಳ್ಲಿಲ್ಲ.

ಈಗ ವಿಷಯಕ್ಕೆ ಬರೋಣ. ಚೆಸ್ ಗೊತ್ತಿಲ್ಲದವರಿಗೂ ಅರ್ಥ ಆಗೋ ಹಾಗೆ ಬರೀತೀನಿ.

ಆನ್‌ಲೈನ್ ಚೆಸ್ ಎರಡು ಥರ. ಒಂದು ಗಡಿಯಾರ ಓಡೋ ಆಟ. ಮೂರು ನಿಮಿಷ, ಹತ್ತು ನಿಮಿಷ, ಅರ್ಧ ಗಂಟೆ. ಅದರಲ್ಲಿ ಯಾವ ಸಹಾಯವೂ ಇಲ್ಲ. ಪುಸ್ತಕ ಇಲ್ಲ, ಡೇಟಾಬೇಸ್ ಇಲ್ಲ, ಪಕ್ಕದಲ್ಲಿ ಕೂತ ಅಣ್ಣ ಕಿವಿಯಲ್ಲಿ ಹೇಳೋ ಹಾಗಿಲ್ಲ. ಇನ್ನೊಂದು, ದಿನಗಟ್ಟಲೆ ಟೈಮು ಇರೋ ಆಟ. ಹಿಂದೆ ಪೋಸ್ಟ್‌ಕಾರ್ಡಿನಲ್ಲಿ ನಡೆ ಬರೆದು ಕಳಿಸಿ ಆಡ್ತಿದ್ರಲ್ಲ, ಅದರ ಮೊಮ್ಮಗ ಇದು. ಕಾರ್ಡಿನ ಕಾಲದಲ್ಲೂ ಮನೆಯಲ್ಲಿ ಕೂತವರು ಪುಸ್ತಕ ತೆಗೆದು ನೋಡ್ತಿದ್ರು. ಅದನ್ನ ತಡೆಯೋಕೂ ಆಗಲ್ಲ, ತಡೆಯೋ ಅಗತ್ಯವೂ ಇಲ್ಲ ಅನ್ನೋದು ಆ ಆಟದ ಹಳೇ ಸಂಪ್ರದಾಯ. ಅದಕ್ಕೇ ಇವತ್ತೂ ಚೆಸ್ ಡಾಟ್ ಕಾಮ್‌ನ ಡೈಲಿ ಆಟದಲ್ಲಿ, ಲಿಚೆಸ್‌ನ ಕರೆಸ್ಪಾಂಡೆನ್ಸ್ ಆಟದಲ್ಲಿ, ಓಪನಿಂಗ್ ಪುಸ್ತಕ ಮತ್ತು ಡೇಟಾಬೇಸ್ ನೋಡಬಹುದು ಅಂತ ನಿಯಮದಲ್ಲೇ ಇದೆ. ಎಂಜಿನ್ ಮಾತ್ರ ಕೂಡದು. ಚೆಸ್ ಡಾಟ್ ಕಾಮ್‌ನಲ್ಲಂತೂ ಕೊನೆಯಾಟದ ಉತ್ತರ ಪಟ್ಟಿ, ಅದೇ ಟೇಬಲ್‌ಬೇಸು, ಅದೂ ಕೂಡದು.

ಅಂದ್ರೆ ನಮ್ಮ ಹುಡುಗ ಮಾಡಿದ್ದು ನಿಯಮದ ಒಳಗಿನ ಕೆಲಸ. ಗುಂಪಿನವರು ತಮ್ಮದೇ ಬೇರೆ ನಿಯಮ ಇದ್ರೆ ಆಟ ಶುರುವಾಗೋ ಮೊದಲು ಬರೆದು ಹಾಕ್ಬೇಕಿತ್ತು. ಹಾಕಿರಲಿಲ್ಲ. ನಾನು ಇಪ್ಪತ್ತು ವರ್ಷದಿಂದ ಗುಮಾಸ್ತ. ನಮ್ಮ ಕಚೇರಿಯಲ್ಲಿ ಅಟೆಂಡರ್ ಒಂದು ದಿನ ತಡವಾಗಿ ಬಂದ್ರೂ ಕಾರಣ ಕೇಳಿ ನೋಟಿಸ್ ಕೊಡದೆ ಕ್ರಮ ತಗೊಳ್ಳೋಕಾಗಲ್ಲ. ಹದಿನೇಳರ ಹುಡುಗನಿಗೆ ಅಷ್ಟೂ ಮರ್ಯಾದೆ ಬೇಡವಾ?

ಡೇಟಾಬೇಸ್ ಅಂದ್ರೆ ಏನೋ ಮಂತ್ರದಂಡ ಅಂತ ತಿಳ್ಕೊಂಡಿದ್ದಾರೆ. ಏನದು? ಈ ಹಿಂದೆ ಮನುಷ್ಯರು ಆಡಿದ ಆಟಗಳ ಕಡತ. ಬೋರ್ಡಿನ ಮೇಲೆ ಒಂದು ಸ್ಥಿತಿ ಇಟ್ರೆ, ಇಲ್ಲಿಂದ ಯಾರ್ಯಾರು ಯಾವ ನಡೆ ಆಡಿದ್ರು, ಎಷ್ಟು ಸಲ, ಎಷ್ಟು ಗೆದ್ರು, ಎಷ್ಟು ಸೋತ್ರು ಅಂತ ತೋರಿಸುತ್ತೆ. ಲಿಚೆಸ್‌ನಲ್ಲಿ 1952ರಿಂದ ಈಚೆಗೆ ದೊಡ್ಡ ಆಟಗಾರರು ಆಡಿದ 20 ಲಕ್ಷಕ್ಕೂ ಹೆಚ್ಚು ಆಟಗಳು ಬಿಟ್ಟಿ ಸಿಗುತ್ತವೆ. ನಮ್ಮ ಹುಡುಗ ಆಡಿದ್ದು ಕಾರೊ-ಕಾನ್ ಅನ್ನೋ ಓಪನಿಂಗು. ಬಿಳಿ ತನ್ನ ಪದಾತಿಯನ್ನ ಮುಂದಕ್ಕೆ ತಳ್ಳಿದಾಗ ಕಪ್ಪಿನವನು ಮೊದಲು ಒಂಟೆಯನ್ನ ಹೊರಗೆ ತರ್ತಾನೆ, ಆಮೇಲೆ ಪದಾತಿ ಇಟ್ಟು ಬಾಗಿಲು ಹಾಕ್ಕೊಳ್ತಾನೆ. ಮೊದಲೇ ಬಾಗಿಲು ಹಾಕಿದ್ರೆ ಒಂಟೆ ಒಳಗೇ ಕೊಳೀತದೆ. ಇದನ್ನ ನನಗೆ ಹೇಳಿಕೊಟ್ಟವನು ಅದೇ ಹುಡುಗ. ಯಾಕೆ ಅಂತ ಗೊತ್ತಿದ್ದೇ ಆಡಿದ್ದಾನೆ.

ಇನ್ನೊಂದು ಕೇಳಿ. ಚೆಸ್‌ನಲ್ಲಿ ಬಿಳಿಗೆ ಮೊದಲ ನಡೆ 20 ಥರ ಇದೆ. ಇಬ್ಬರೂ ಒಂದೊಂದು ನಡೆ ಆಡೋ ಹೊತ್ತಿಗೆ 400 ಥರ ಸ್ಥಿತಿ. ಅಲ್ಲಿಂದ ಮುಂದಕ್ಕೆ ಲೆಕ್ಕ ಕೈಗೆ ಸಿಗಲ್ಲ. ಹಾಗಾಗಿ ಡೇಟಾಬೇಸಿನಲ್ಲಿ ಮೊದಲು ಲಕ್ಷ ಆಟ ಕಾಣುತ್ತೆ, ಆಮೇಲೆ ಸಾವಿರ, ಆಮೇಲೆ ಹತ್ತು, ಆಮೇಲೆ ಒಂದು, ಆಮೇಲೆ ಸೊನ್ನೆ. ಈ ಆಟದಲ್ಲಿ ಹದಿನಾಲ್ಕನೇ ನಡೆಗೆ ಸೊನ್ನೆ ಬಂತು. ಆ ಸ್ಥಿತಿ ಆ ಕಡತದಲ್ಲಿ ಇನ್ಯಾವ ಆಟದಲ್ಲೂ ಇರಲಿಲ್ಲ. ಅಲ್ಲಿಂದ ನಲವತ್ತೊಂದನೇ ನಡೆವರೆಗೆ ಅವನು ಒಬ್ಬನೇ. ಗೆದ್ದಿದ್ದು ಅಲ್ಲಿ. ಕಾಪಿ ಹೊಡೆದ ಅಂದವರು ಈ ಇಪ್ಪತ್ತೇಳು ನಡೆ ಎಲ್ಲಿಂದ ಕಾಪಿ ಆಯ್ತು ಅಂತ ತೋರಿಸ್ಲಿ.

ನಾನು ಕಚೇರಿಯಲ್ಲಿ ಒಂದು ಕಡತಕ್ಕೆ ಟಿಪ್ಪಣಿ ಬರೀಬೇಕಾದ್ರೆ ಕೆಸಿಎಸ್‌ಆರ್ ಪುಸ್ತಕ ತೆಗೀತೀನಿ, ಹಳೇ ಸುತ್ತೋಲೆ ಹುಡುಕ್ತೀನಿ, ಇಂಥದ್ದೇ ಹಿಂದಿನ ಕಡತದಲ್ಲಿ ಏನು ಆದೇಶ ಆಗಿದೆ ನೋಡ್ತೀನಿ. ಆಮೇಲೆ ಈ ಕಡತಕ್ಕೆ ಏನು ಅನ್ವಯಿಸುತ್ತೆ ಅಂತ ಯೋಚ್ನೆ ಮಾಡಿ ಬರೀತೀನಿ. ಯಾವ ಸಾಹೇಬರೂ ಇದುವರೆಗೂ 'ನೀನು ಪುಸ್ತಕ ನೋಡಿ ಬರ್ದೆ, ಕಳ್ಳ' ಅಂದಿಲ್ಲ. ನೋಡದೇ ಬರೆದ್ರೇ ಬೈತಾರೆ. ವಕೀಲರು ಹಳೇ ತೀರ್ಪು ತೆಗೀತಾರೆ. ಡಾಕ್ಟರು ಪುಸ್ತಕ ತಿರುವ್ತಾರೆ. ಅದಕ್ಕೆಲ್ಲ ಅಧ್ಯಯನ ಅಂತ ಹೆಸರು. ಕೇರಿ ಹುಡುಗ ತೆಗೆದ್ರೆ ಮಾತ್ರ ಕಾಪಿ!

ಚೆಸ್ ಇತಿಹಾಸವನ್ನೇ ನೋಡಿ. ಬಾಬಿ ಫಿಷರ್ ಸೋವಿಯತ್ ಚೆಸ್ ಪತ್ರಿಕೆ ಓದೋಕೋಸ್ಕರ ರಷ್ಯನ್ ಕಲ್ತ. ಅದಕ್ಕೆ ಸಾಧನೆ ಅಂದ್ರು. 1985ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಗ್ಯಾರಿ ಕ್ಯಾಸ್ಪರೊವ್ ಎಂಟು ಜನರ ತಂಡದ ಜೊತೆ ಏಕಕಾಲಕ್ಕೆ ಆಡಿ ಮೂರೂವರೆ-ನಾಲ್ಕೂವರೆಯಿಂದ ಸೋತ. 1987ರಲ್ಲಿ ಮತ್ತೆ ಬಂದ. ಆಗ ಚೆಸ್‌ಬೇಸ್ ಅನ್ನೋ ಡೇಟಾಬೇಸ್ ಹೊಸದು. ಎದುರಾಳಿಗಳ ಹಳೇ ಆಟಗಳನ್ನೆಲ್ಲ ಅದರಲ್ಲಿ ನೋಡ್ಕೊಂಡು ಕೂತ, 7-1ರಿಂದ ಗೆದ್ದ. ಅದಕ್ಕೆ ತಯಾರಿ ಅಂದ್ರು. ನಮ್ಮ ವಿಶ್ವನಾಥನ್ ಆನಂದ್ 2010ರಲ್ಲಿ ಟೊಪಲೊವ್ ವಿರುದ್ಧ ವಿಶ್ವ ಪಟ್ಟ ಉಳಿಸ್ಕೊಂಡಾಗ ಹಿಂದೆ ಒಂದು ಗ್ರ್ಯಾಂಡ್‌ಮಾಸ್ಟರ್ ತಂಡವೇ ಆಟಕ್ಕೆ ಮುಂಚಿನ ತಯಾರಿ ಮಾಡ್ತಾ ಇತ್ತು. ಅದರಲ್ಲಿ ತಪ್ಪೇನಿಲ್ಲ. ಅವರು ಆಟಕ್ಕೆ ಮೊದಲು ನೋಡಿದ್ರು, ಗಡಿಯಾರದ ಆಟದ ನಿಯಮ ಅಷ್ಟೇ ಬಿಡುತ್ತೆ. ದಿನಗಟ್ಟಲೆ ಆಟದ ನಿಯಮ ಆಟದ ಮಧ್ಯೆಯೂ ಬಿಡುತ್ತೆ. ನಾನು ಹೇಳೋದು ಇಷ್ಟೇ. ಉಳ್ಳವರ ಮನೆ ಮಗುವಿಗೆ ಕೋಚು, ಅಪ್ಪ ತಂದಿಟ್ಟ ಪುಸ್ತಕದ ಕಪಾಟು, ಸಾವಿರಾರು ರೂಪಾಯಿ ಕೊಟ್ಟು ತಗೊಂಡ, ಒಂದು ಕೋಟಿಗೂ ಹೆಚ್ಚು ಆಟ ಇರೋ ಮೆಗಾ ಡೇಟಾಬೇಸು. ಅದೆಲ್ಲ ತಲೆಗೆ ಇಳಿದ ಮೇಲೆ ಅದಕ್ಕೆ ಪ್ರತಿಭೆ ಅಂತ ಹೆಸರು. ನಮ್ಮ ಹುಡುಗನಿಗೆ ಕೋಚೂ ಡೇಟಾಬೇಸು, ಕಪಾಟೂ ಡೇಟಾಬೇಸು.

ಈ 'ಕಾಪಿ' ಅನ್ನೋ ಬೈಗುಳ ನಮಗೆ ಹೊಸದಲ್ಲ. ಬಾಬಾಸಾಹೇಬರಿಗೆ ಅಂದವರು ಇವರ ತಾತಂದಿರು. ಸಂವಿಧಾನ ಕರಡು ಬಂದಾಗ, ಇದು ಬೇರೆ ದೇಶದ್ದನ್ನ ಎತ್ತಿ ಬರೆದದ್ದು, 1935ರ ಕಾಯ್ದೆಯ ನಕಲು ಅಂದ್ರು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ನಿಂತು ಬಾಬಾಸಾಹೇಬರು ಇದಕ್ಕೆ ಉತ್ತರ ಕೊಟ್ರು. ಎರವಲು ತಂದದ್ದಕ್ಕೆ ಕ್ಷಮೆ ಕೇಳಲ್ಲ, ಅದರಲ್ಲಿ ನಾಚಿಕೆ ಪಡೋದೇನೂ ಇಲ್ಲ, ಸಂವಿಧಾನದ ಮೂಲ ವಿಚಾರಗಳ ಮೇಲೆ ಯಾರಿಗೂ ಪೇಟೆಂಟ್ ಇಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದ್ರು. ಸ್ಕೂಲಿನಲ್ಲಿ ಸಂಸ್ಕೃತ ಕಲಿಯೋಕೆ ಬಿಡದೆ ಪರ್ಷಿಯನ್ ತಗೊಳ್ಳೋ ಹಾಗೆ ಮಾಡಿದ್ರಲ್ಲ, ಅದೇ ಮನುಷ್ಯ ಆಮೇಲೆ ಪುಸ್ತಕ ಇಡೋದಕ್ಕೆ ಅಂತಲೇ ಜಾಗ ಮಾಡಿ ದಾದರ್‌ನಲ್ಲಿ ರಾಜಗೃಹ ಕಟ್ಟಿಸಿದ್ರು. ಪುಸ್ತಕ ಮುಟ್ಟಬೇಡ ಅಂದವರೇ ಮುಟ್ಟಿದ ಮೇಲೆ ಕಾಪಿ ಅಂತಾರೆ. ಒಂದೇ ಬಾಯಿ, ಎರಡು ಮಾತು.

ಸರಿ. ಇಲ್ಲಿವರೆಗೂ ನೀವೆಲ್ಲ ತಲೆ ಆಡಿಸಿರ್ತೀರಿ. ಈಗ ನಮ್ಮ ಕಡೆಗೆ ಬರ್ತೀನಿ.

ಹೋದ ತಿಂಗಳ ಪೋಸ್ಟಿನ ಕೆಳಗೆ ನಮ್ಮವರೇ ಬರೆದ ಕಾಮೆಂಟುಗಳನ್ನ ಮತ್ತೆ ಓದ್ದೆ. 'ಅಣ್ಣಾ, ಎಂಜಿನ್ ಹಾಕಿ ಸೋಲಿಸಿದ್ರೂ ತಪ್ಪಿಲ್ಲ, ಸಾವಿರಾರು ವರ್ಷ ಅವರು ಮೋಸ ಮಾಡಿದ್ದಾರೆ.' 'ನಿಯಮ ಎಲ್ಲಾ ಅವರು ಮಾಡಿದ್ದು, ನಾವ್ಯಾಕೆ ಪಾಲಿಸ್ಬೇಕು?' 'ಏಕಲವ್ಯನ ಹೆಬ್ಬೆರಳು ತಗೊಂಡವರಿಗೆ ಇದೇ ಸರಿ.' ಇವಕ್ಕೆಲ್ಲ ನಾನು ಹಾರ್ಟ್ ಒತ್ತಿದ್ದೀನಿ. ಒಂದಕ್ಕೂ 'ತಮ್ಮಾ, ಅದು ಬೇರೆ ಇದು ಬೇರೆ' ಅಂತ ಬರೀಲಿಲ್ಲ. ಬೆಂಬಲಕ್ಕೆ ಬಂದವರನ್ನ ಯಾಕೆ ಬೇಜಾರು ಮಾಡೋದು ಅಂತ ಸುಮ್ಮನಿದ್ದೆ.

ಎರಡು ಭಾನುವಾರದ ಹಿಂದೆ ಓದುಕೋಣೆಯ ಇನ್ನೊಬ್ಬ ಹುಡುಗ, ಹತ್ತನೇ ಕ್ಲಾಸು, ಅಳ್ತಾ ಬಂದ. ಸೈಟಿನವರು ಅವನ ಖಾತೆ ಮುಚ್ಚಿದ್ರು. ಹತ್ತು ನಿಮಿಷದ ಆಟಗಳಲ್ಲಿ ಅಮ್ಮನ ಫೋನಿನಲ್ಲಿ ಸ್ಟಾಕ್‌ಫಿಶ್ ಹಾಕ್ಕೊಂಡು, ಅದು ಹೇಳಿದ ನಡೆ ಲ್ಯಾಪ್‌ಟಾಪಿನಲ್ಲಿ ಒತ್ತಿದ್ದಾನೆ. ಸುಲಭದ ನಡೆಗೂ ಆರು ಸೆಕೆಂಡು, ಕಷ್ಟದ ನಡೆಗೂ ಆರು ಸೆಕೆಂಡು. ಯಾರಿಗಾದ್ರೂ ಗೊತ್ತಾಗುತ್ತೆ. ಯಾಕೋ ಮಗಾ ಹೀಗ್ಮಾಡ್ದೆ ಅಂದೆ. 'ನೀವೇ ಬರ್ದಿದ್ರಲ್ಲಣ್ಣಾ, ಕಂಪ್ಯೂಟರ್ ನೋಡೋದು ನಮ್ಮ ಹಕ್ಕು ಅಂತ' ಅಂದ.

ಆ ಮಾತು ಕೇಳಿದ ಮೇಲೆ ಎರಡು ದಿನ ನಿದ್ದೆ ಬರ್ಲಿಲ್ಲ. ಹಳೇ ಪೋಸ್ಟು ತೆಗೆದು ನೋಡ್ದೆ. ಹೌದು, 'ಕಂಪ್ಯೂಟರ್' ಅಂತಲೇ ಬರೆದಿದ್ದೀನಿ. ಡೇಟಾಬೇಸು ಅಂತ ಬಿಡಿಸಿ ಬರೆದಿಲ್ಲ. ಗಡಿಯಾರದ ಆಟ ಬೇರೆ ಅಂತ ಬರೆದಿಲ್ಲ. ಆವೇಶದಲ್ಲಿ ಬರೆದೆ, ಶೇರ್ ಆಯ್ತು, ಖುಷಿ ಪಟ್ಟೆ. ತಪ್ಪು ನನ್ನದು. ಅದನ್ನ ಸರಿ ಮಾಡೋಕೇ ಈ ಪೋಸ್ಟು.

ಎಂಜಿನ್ ಅಂದ್ರೆ ಹಳೇ ಆಟಗಳ ಕಡತ ಅಲ್ಲ. ಅದು ಈಗ, ನಿಮ್ಮ ಮುಂದಿರೋ ಇದೇ ಸ್ಥಿತಿಗೆ, ತಾನೇ ಲೆಕ್ಕ ಹಾಕಿ ಉತ್ತರ ಕೊಡುತ್ತೆ. ಸ್ಟಾಕ್‌ಫಿಶ್ ಬಿಟ್ಟಿ ಸಿಗುತ್ತೆ, ಸಾಧಾರಣ ಫೋನಿನಲ್ಲೂ ಓಡುತ್ತೆ, ಇವತ್ತು ಜಗತ್ತಿನ ಯಾವ ಮನುಷ್ಯನೂ ಅದನ್ನ ಗೆಲ್ಲಲಾರ. ಡೇಟಾಬೇಸಿಗೆ ಹದಿನಾಲ್ಕನೇ ನಡೆಗೆ ಸೊನ್ನೆ ಬರುತ್ತೆ. ಎಂಜಿನ್‌ಗೆ ಸೊನ್ನೆ ಅನ್ನೋದೇ ಇಲ್ಲ. ಕೊನೆ ನಡೆವರೆಗೂ ಅದೇ ಆಡುತ್ತೆ. ನನ್ನ ಕಚೇರಿ ಲೆಕ್ಕದಲ್ಲಿ ಹೇಳಿದ್ರೆ, ಪುಸ್ತಕ ನೋಡಿ ಟಿಪ್ಪಣಿ ಬರೆಯೋದು ಒಂದು. ಬೇರೆಯವನ ಕೈಲಿ ಟಿಪ್ಪಣಿ ಬರೆಸಿ ಕೆಳಗೆ ನನ್ನ ಸಹಿ ಹಾಕೋದು ಇನ್ನೊಂದು. ಎರಡನೇದಕ್ಕೆ ಸಸ್ಪೆಂಡ್ ಮಾಡ್ತಾರೆ, ಮಾಡ್ಬೇಕು.

ಎಂಜಿನ್‌ಗೂ ಜಾಗ ಇದೆ, ಅದನ್ನೂ ಹೇಳ್ಬಿಡ್ತೀನಿ. ಅಂಚೆ ಚೆಸ್ಸಿನ ಅಂತಾರಾಷ್ಟ್ರೀಯ ಸಂಸ್ಥೆ ಐಸಿಸಿಎಫ್ ತನ್ನ ಆಟಗಳಲ್ಲಿ ಎಂಜಿನ್‌ಗೂ ಅನುಮತಿ ಕೊಟ್ಟಿದೆ. ಅಲ್ಲಿ ಇಬ್ಬರಿಗೂ ಗೊತ್ತಿರುತ್ತೆ, ಇಬ್ಬರೂ ಹಾಕ್ಕೊಂಡೇ ಕೂತಿರ್ತಾರೆ, ದೊಡ್ಡ ಮಟ್ಟದಲ್ಲಿ ಬಹುಪಾಲು ಆಟ ಡ್ರಾ. ಇಬ್ಬರಿಗೂ ಗೊತ್ತಿರೋದು ನ್ಯಾಯ. ಒಬ್ಬನಿಗೆ ಗೊತ್ತಿಲ್ಲದ ಹಾಗೆ ಹಾಕೋದು ಮೋಸ. ಇನ್ನು ಆಟ ಮುಗಿದ ಮೇಲೆ ನಾನೆಲ್ಲಿ ತಪ್ಪಿದೆ ಅಂತ ಎಂಜಿನ್ ಹಾಕಿ ನೋಡೋದು ಎಲ್ಲರೂ ಮಾಡ್ಬೇಕಾದ ಕೆಲಸ.

ಏಕಲವ್ಯನ ಮಾತೆತ್ತಿದ ತಮ್ಮನಿಗೆ: ಏಕಲವ್ಯ ಗುರು ಇಲ್ಲದೆ ಕಲ್ತ, ಬಾಣ ಬಿಟ್ಟಿದ್ದು ಅವನದೇ ಬೆರಳು. ಅದಕ್ಕೇ ಅವರಿಗೆ ಹೆದರಿಕೆ ಹುಟ್ಟಿತು. ಎಂಜಿನ್ ಹಾಕಿ ಆಡೋನು ಯಾರೂ ಕೇಳದೆ ತನ್ನ ಹೆಬ್ಬೆರಳನ್ನ ತಾನೇ ಕೊಯ್ದು ಕೊಡ್ತಾನೆ.

'ಅವರು ಮಾಡಿದ್ರೆ ನಡೆಯುತ್ತೆ, ನಾವು ಮಾಡಿದ್ರೆ ತಪ್ಪಾ?' ಅಂತ ಕೇಳೋರಿಗೂ ಉತ್ತರ ಇದೆ. 2021ರ ಜೂನ್ 13ರಂದು ಕೋವಿಡ್ ನೆರವಿಗೆ ಅಂತ ಆನಂದ್ ಹಲವು ಪ್ರಸಿದ್ಧರ ಜೊತೆ ಆನ್‌ಲೈನ್‌ನಲ್ಲಿ ಆಡಿದ್ರು. ಬೆಂಗಳೂರಿನ ಜೆರೋಧಾ ಕಂಪನಿಯ ಸಹ ಸಂಸ್ಥಾಪಕ ನಿಖಿಲ್ ಕಾಮತ್ ಅವರನ್ನ ಸೋಲಿಸಿದ್ರು. ಮಾರನೇ ದಿನ ತಾವೇ ಒಪ್ಪಿಕೊಂಡ್ರು, ಆಟ ವಿಶ್ಲೇಷಣೆ ಮಾಡೋ ಜನರ ಸಹಾಯ, ಕಂಪ್ಯೂಟರಿನ ಸಹಾಯ ಇತ್ತು ಅಂತ. ಕ್ಷಮೆಯನ್ನೂ ಕೇಳಿದ್ರು. ಆನಂದ್, ನಾನು ಬೋರ್ಡಿನ ಮೇಲಿದ್ದ ಸ್ಥಿತಿ ನೋಡಿ ಆಡಿದೆ, ಉಳಿದವರಿಂದಲೂ ಅದನ್ನೇ ನಿರೀಕ್ಷೆ ಮಾಡಿದ್ದೆ ಅನ್ನೋ ಅರ್ಥದ ಮಾತು ಹೇಳಿ ಬಿಟ್ರು. ಚೆಸ್ ಡಾಟ್ ಕಾಮ್ ಮುಚ್ಚಿದ್ದ ಖಾತೆಯನ್ನ ಮತ್ತೆ ತೆರೀತು. ರೇಟಿಂಗ್ ಇಲ್ಲದ ಆಟ, ಆನಂದ್‌ಗೇ ಮುಂದುವರಿಸೋ ಮನಸ್ಸಿಲ್ಲ ಅನ್ನೋದು ಕಾರಣ.

ಇದರಿಂದ ನಾವು ಏನು ಕಲೀಬೇಕು? ಅವರಿಗೆ ಅದು ಒಂದು ವಾರದ ಸುದ್ದಿ. ಆಮೇಲೆ ಯಾರೂ 'ಬಿಸಿನೆಸ್‌ನವರೆಲ್ಲ ಕಳ್ಳರು, ಚೆಸ್ಸಿಗೆ ಸೇರಿಸ್ಕೋಬೇಡಿ' ಅನ್ನಲಿಲ್ಲ. ನಮ್ಮ ಹತ್ತನೇ ಕ್ಲಾಸಿನ ಹುಡುಗ ಮಾಡಿದ್ದಕ್ಕೆ ಮಾತ್ರ ಇಡೀ ಕೇರಿ ಲೆಕ್ಕ ಕೊಡ್ಬೇಕು. ನಿಯಮ ಪಾಲಿಸಿದ ಆ ಪಿಯು ಹುಡುಗನ ಗೆಲುವಿಗೂ ಈಗ ಮಸಿ ಬಿತ್ತು. 'ನೋಡಿ, ನಾವು ಅವತ್ತೇ ಹೇಳಿರ್ಲಿಲ್ವಾ' ಅಂತ ಅದೇ ಗುಂಪಿನಲ್ಲಿ ಬಂದಿದೆ. ಇದು ಅನ್ಯಾಯ, ಒಪ್ತೀನಿ. ಒಬ್ಬನ ತಪ್ಪನ್ನ ಜಾತಿಗೆ ಕಟ್ಟೋದು ಜಾತಿ ರೋಗವೇ. ಆದ್ರೆ ಆ ರೋಗ ಇದೆ ಅಂತ ಗೊತ್ತಿದ್ದೂ ನಮ್ಮ ಮಕ್ಕಳ ಕೈಗೆ ಕಳ್ಳದಾರಿ ಕೊಡೋದು ಅವರ ಮೇಲಿನ ಪ್ರೀತಿಯಾ?

ಮೋಸ ದೊಡ್ಡವರಿಗೂ ಉಳಿಸಲ್ಲ. ಇಗೋರ್ಸ್ ರೌಸಿಸ್ ಅಂತ ಗ್ರ್ಯಾಂಡ್‌ಮಾಸ್ಟರ್ ಇದ್ದ. 2019ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಆಟದ ಮಧ್ಯೆ ಟಾಯ್ಲೆಟ್ಟಿನಲ್ಲಿ ಫೋನ್ ಇಟ್ಕೊಂಡು ಸಿಕ್ಕಿಬಿದ್ದ. ಫಿಡೆ ಅವನ ಬಿರುದು ಕಿತ್ಕೊಂಡು 6 ವರ್ಷ ಹೊರಗೆ ಹಾಕಿತು. ಜೀವಮಾನದ ಆಟ ಒಂದು ಫೋನಿಗೆ ಹೋಯ್ತು.

ಇದಕ್ಕಿಂತ ದೊಡ್ಡ ಮಾತು ಇದೆ. ನಮ್ಮ ಜಗಳ ಯಾವುದಕ್ಕೆ? ನಮಗೂ ಪುಸ್ತಕ ಬೇಕು, ನಮಗೂ ಯೋಚಿಸೋ ತಲೆ ಇದೆ ಅನ್ನೋದಕ್ಕೆ. ಎಂಜಿನ್ ಹಾಕಿ ಗೆದ್ರೆ ಮೊದಲನೇದೂ ಇಲ್ಲ, ಎರಡನೇದೂ ಇಲ್ಲ. ಆ ಹುಡುಗನಿಗೆ ಅವನದೇ ಒಂದು ಆಟ ಬೋರ್ಡಿನ ಮೇಲೆ ಇಟ್ಟು, ಈ ಕುದುರೆ ಯಾಕಪ್ಪಾ ಇಲ್ಲಿಗೆ ಹೋಯ್ತು ಅಂತ ಕೇಳ್ದೆ. ತಲೆ ತಗ್ಗಿಸಿದ. ಪಿಯು ಹುಡುಗನಿಗೆ ಅವನ ಆಟ ಇಟ್ಟು ಕೇಳ್ದೆ. ಮುಕ್ಕಾಲು ಗಂಟೆ ಮಾತಾಡಿದ. ಡೇಟಾಬೇಸಿನಲ್ಲಿ ಹೆಚ್ಚು ಜನ ಆಡಿದ ನಡೆಯನ್ನ ಯಾಕೆ ಬಿಟ್ಟ ಅಂತಲೂ ಹೇಳ್ದ. ಹೆಚ್ಚು ಜನ ಆಡಿದ್ದಾರೆ ಅಂದ ಮಾತ್ರಕ್ಕೆ ಸರಿ ಅಲ್ಲ ಅಣ್ಣಾ ಅಂದ. ಈ ಮಾತು ಚೆಸ್ಸಿಗೆ ಮಾತ್ರ ಅನ್ವಯಿಸೋದಲ್ಲ ಅಂತ ನಿಮಗೆ ನಾನು ಬಿಡಿಸಿ ಹೇಳ್ಬೇಕಾಗಿಲ್ಲ.

ನಮ್ಮ ಓದುಕೋಣೆಯಲ್ಲಿ ಈಗ ಗೋಡೆ ಮೇಲೆ ಬರೆದು ಹಾಕಿದ್ದೀವಿ. ನಿಮ್ಮೂರಲ್ಲೂ ಮಕ್ಕಳು ಆಡ್ತಿದ್ರೆ ತಗೊಳ್ಳಿ, ಇದಕ್ಕೂ ಪೇಟೆಂಟ್ ಇಲ್ಲ.

1. ಗಡಿಯಾರ ಓಡೋ ಆಟದಲ್ಲಿ ಪುಸ್ತಕ, ಡೇಟಾಬೇಸ್, ಫೋನು, ಪಕ್ಕದವರು ಯಾವುದೂ ಇಲ್ಲ.
2. ದಿನಗಟ್ಟಲೆ ಆಟದಲ್ಲಿ ಪುಸ್ತಕ, ಡೇಟಾಬೇಸ್ ನೋಡಬಹುದು. ಮೊದಲು ಆ ಸೈಟಿನ, ಆ ಟೂರ್ನಮೆಂಟಿನ ನಿಯಮ ಓದ್ಬೇಕು. ಬರೆದಿಲ್ಲ ಅಂದ್ರೆ ಮೆಸೇಜ್ ಮಾಡಿ ಕೇಳ್ಬೇಕು, ಉತ್ತರ ಇಟ್ಕೋಬೇಕು.
3. ಆಟ ನಡೀತಿರೋವಾಗ ಎಂಜಿನ್ ಮುಟ್ಟಬಾರದು. ಮುಗಿದ ಮೇಲೆ ತಪ್ಪದೆ ಹಾಕಿ ನೋಡ್ಬೇಕು.
4. ಡೇಟಾಬೇಸ್ ನೋಡಿ ಆಡಿದ ನಡೆ ಯಾಕೆ ಅಂತ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೀಬೇಕು. ಬರೆಯೋಕೆ ಬರದಿದ್ರೆ ಆ ನಡೆ ಆಡಬಾರದು.
5. ಯಾರಾದ್ರೂ ಕೇಳಿದ್ರೆ ನೋಡಿದ್ದೀನಿ ಅಂತ ನಿಜ ಹೇಳ್ಬೇಕು.

ಐದನೇದನ್ನ ಪಾಲಿಸಿದ್ದಕ್ಕೇ ನಮ್ಮ ಹುಡುಗ ಗುಂಪಿನಿಂದ ಹೊರಗೆ ಬಿದ್ದಿದ್ದು. ಆದ್ರೂ ಐದನೇದು ಗೋಡೆ ಮೇಲೆ ಇರುತ್ತೆ.

ಆ ಗುಂಪಿನವರಿಗೆ ನಿನ್ನೆ ಪತ್ರ ಕಳಿಸಿದ್ದೀನಿ. ಕೇಳಿರೋದು ಮೂರೇ. ಹುಡುಗ ಮುರಿದ ಲಿಖಿತ ನಿಯಮ ಯಾವುದು ತೋರಿಸಿ. ಇಲ್ಲದಿದ್ರೆ ಅವನ ಗೆಲುವು ವಾಪಸ್ ಕೊಡಿ. ಕೋಟಾ ಅಂತ ಬರೆದವರಿಂದ ಅದೇ ಗುಂಪಿನಲ್ಲಿ, ಅದೇ ಜನರ ಮುಂದೆ, ಕ್ಷಮೆ ಕೇಳಿಸಿ. ಹತ್ತನೇ ಕ್ಲಾಸಿನ ಹುಡುಗನ ವಿಷಯ ಅದರಲ್ಲಿ ಮುಚ್ಚಿಟ್ಟಿಲ್ಲ. ಅವನು ಮಾಡಿದ್ದು ತಪ್ಪು, ಸೈಟಿನವರು ಮಾಡಿದ್ದು ಸರಿ ಅಂತ ನಾನೇ ಬರೆದಿದ್ದೀನಿ. ಅವನಿಗೆ ಮೂರು ತಿಂಗಳು ಆನ್‌ಲೈನ್ ಇಲ್ಲ, ಮರದ ಕಾಯಿ ಮಾತ್ರ. ಹೋದ ಭಾನುವಾರ ಬರ್ತಾನೋ ಇಲ್ವೋ ಅಂತ ಬಾಗಿಲು ನೋಡ್ತಾ ಕೂತಿದ್ದೆ. ಲೇಟಾಗಿ ಬಂದ. ಪಿಯು ಹುಡುಗನೇ ಎದ್ದು ಹೋಗಿ ಬೋರ್ಡು ಜೋಡಿಸ್ದ. ಇಬ್ಬರೂ ಕತ್ತಲಾಗೋವರೆಗೂ ಆಡಿದ್ರು. ಚಿಕ್ಕವನು ಮೂರಕ್ಕೆ ಮೂರೂ ಸೋತ.

ಕಾಮೆಂಟಿನಲ್ಲಿ ಬೈಯೋರು ಬೈರಿ. ಆದ್ರೆ ಈ ಸಲ 'ಎಂಜಿನ್ ಹಾಕಿದ್ರೂ ತಪ್ಪಿಲ್ಲ' ಅಂತ ಬರೆದವರಿಗೆ ಹಾರ್ಟ್ ಒತ್ತಲ್ಲ. ಉತ್ತರ ಬರೀತೀನಿ.

ಜೈ ಭೀಮ್.